ಸಿದ್ದಬಸಪ್ಪನವರು ಪೆಟ್ಟಿಗೆ ತೊಳೆಸಿದ್ದು

ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕಣ್ಣು ನೆಟ್ಟು ಕೂತಿದ್ದ ಸಿದ್ದಬಸಪ್ಪನವರಿಗೆ ಆ ಬೆಳಿಗ್ಗೆ ಲಿಂಗದ ಜಾಗದಲ್ಲಿ ವಾಚನಾಲಯದ ಕಂಪ್ಯೂಟರೇ ಕಾಣಿಸುತ್ತಿತ್ತು. ಕಿಟಕಿಯ ಬೆಳಕು ಲಿಂಗದ ಕರಿ ನುಣುಪಿನ ಮೇಲೆ ಚೌಕವಾಗಿ ಬಿದ್ದು ಅದೂ ಒಂದು ಪರದೆಯ ಹಾಗೆ ಹೊಳೆಯುತ್ತಿತ್ತು. ಮೂವತ್ತೊಂದು ವರ್ಷದಿಂದ ಊರಿನ ಪೋಸ್ಟ್ ಮಾಸ್ತರರಾಗಿ, ಹನ್ನೊಂದು ವರ್ಷದಿಂದ ವಾಚನಾಲಯದ ಕಾರ್ಯದರ್ಶಿಯಾಗಿ ಇದ್ದ ಅವರು ಪೂಜೆಗೆ ಕೂತಾಗ ಹಿಂದಿನ ದಿನ ತಮ್ಮಿಂದಾದ ತಪ್ಪುಗಳನ್ನು ಒಂದೊಂದಾಗಿ ಶಿವನಿಗೆ ಒಪ್ಪಿಸುವ ಅಭ್ಯಾಸ ಇಟ್ಟುಕೊಂಡಿದ್ದರು. ಹೆಂಡತಿಯ ಮೇಲೆ ರೇಗಿದ್ದು, ಊಟದ ನಡುವೆ ಮಾತಾಡಿದ್ದು, ಬಾಗಿಲಿಗೆ ಬಂದ ಜಂಗಮರನ್ನು ಅರೆಗಳಿಗೆ ನಿಲ್ಲಿಸಿದ್ದು. ಇಂಥವನ್ನು ಅವರು ಎಷ್ಟು ನಿಷ್ಠೆಯಿಂದ ಒಪ್ಪಿಸುತ್ತಿದ್ದರೆಂದರೆ, ದೊಡ್ಡದೊಂದು ತಪ್ಪು ಒಂದೂವರೆ ವರ್ಷದಿಂದ ಈ ಪಟ್ಟಿಗೆ ಸೇರದೆ ಹೊಸಿಲಾಚೆ ನಿಂತೇ ಇರುವುದು ಶಿವನ ಗಮನಕ್ಕೆ ಬಂದಿರಲಾರದು ಎಂದು ಅವರಿಗೆ ಒಳಗೊಳಗೇ ಧೈರ್ಯವಿತ್ತು. ಶಿವನಿಗೂ ಕೆಲಸ ಬಹಳ. ಒಪ್ಪಿಸಿದ್ದನ್ನು ನೋಡುವುದರಲ್ಲೇ ಹೊತ್ತು ಹೋಗುತ್ತದೆ, ಒಪ್ಪಿಸದ್ದನ್ನು ಹುಡುಕಿಕೊಂಡು ಅವನು ಯಾಕೆ ಬರುತ್ತಾನೆ.

ಅಡಿಗೆಮನೆಯಿಂದ ಸಾಸಿವೆ ಸಿಡಿಯುವ ಸದ್ದು ಬಂತು. ಅವತ್ತು ಸಂಜೆ ಸುಗ್ಗಿಯ ಸಾರು ಹಾಕುವ ದಿನ. ಹೊತ್ತು ಮುಳುಗುವಾಗ ಊರ ತಳವಾರ ಬೋರಯ್ಯ ಅಮ್ಮನ ಗುಡಿಯ ಮುಂದೆ ನಿಂತು ಮೂರು ಸಲ ಸಾರಿ ಹೇಳಿದನೆಂದರೆ ಮುಂದಿನ ಒಂಬತ್ತು ದಿನ ಊರಲ್ಲಿ ಹಸಿರೆಲೆ ಕೀಳುವಂತಿಲ್ಲ, ನೆಲಕ್ಕೆ ಗುದ್ದಲಿ ಹಾಕುವಂತಿಲ್ಲ, ಒಲೆಯ ಮೇಲೆ ಒಗ್ಗರಣೆ ಸಿಡಿಸುವಂತಿಲ್ಲ. ಅದಕ್ಕೇ ಅವರ ಹೆಂಡತಿ ಪಾರ್ವತಮ್ಮ ಒಂಬತ್ತು ದಿನದ ಒಗ್ಗರಣೆಯ ಆಸೆಯನ್ನು ಒಂದೇ ಬೆಳಿಗ್ಗೆ ತೀರಿಸಿಕೊಳ್ಳುತ್ತಿದ್ದಳು.

"ಪೂಜೆ ಮುಗೀತೇನ್ರೀ, ಇಲ್ಲಾ ಅಲ್ಲೇ ತೂಕಡಿಸ್ತಿದ್ದೀರಾ?" ಎಂದಳು ಅಲ್ಲಿಂದಲೇ.

"ಧ್ಯಾನದಲ್ಲಿದ್ದೆ ಕಣೆ."

"ಧ್ಯಾನದಲ್ಲಿರೋರು ಮಾತಾಡಲ್ಲ."

ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಇಳಿಬಿಟ್ಟುಕೊಳ್ಳುವಾಗ ಅದು ಎದೆಗೆ ತಾಗಿ ತಣ್ಣಗಾಯಿತು. ಅದೇ ಜಾಗದಲ್ಲಿ, ಅಂಗಿಯ ಜೇಬಿನಲ್ಲಿ, ಮೂರು ದಿನದ ಹಿಂದೆ ಒಂದು ಪೋಸ್ಟ್ ಕಾರ್ಡು ಒಂದಿಡೀ ಮಧ್ಯಾಹ್ನ ಕೂತಿತ್ತು. ಕಾರ್ಡು ಹೆತ್ತೂರಿನಾಚೆಯ ಶಾಲೆಯಲ್ಲಿದ್ದ ಶ್ರೀನಾಥ ಮೇಷ್ಟ್ರದು. ಈ ಊರಿನವನೇ, ಹಿಂದೆ ಈ ಊರ ಶಾಲೆಯಲ್ಲೇ ಇದ್ದವನು. ಅವನ ಹೆಂಡತಿ ಆಶಾಳ ಹೆಸರಿಗೆ ಬಂದಿತ್ತು. ಸಿದ್ದಬಸಪ್ಪನವರು ಇನ್ನೊಬ್ಬರ ಕಾಗದ ಓದುವವರಲ್ಲ. ಆದರೆ ಕಾರ್ಡು ಬಾಯಿ ತೆರೆದುಕೊಂಡೇ ಬರುತ್ತದೆ. ಮುದ್ರೆ ಒತ್ತುವಾಗ ಕಣ್ಣು ಮುಚ್ಚಿಕೊಂಡು ಒತ್ತಲಾಗುವುದಿಲ್ಲ. ಹಾಗೆ ಕಣ್ಣಿಗೆ ಬಿದ್ದದ್ದರಲ್ಲಿ, ಹಪ್ಪಳ ಒಣಗಿಸುವ ವಿಷಯ ಬಿಟ್ಟರೆ, ಇಷ್ಟಿತ್ತು: ಸುಗ್ಗಿಗೆ ಸಾರು ಹಾಕುವ ದಿನವೇ ಸಂಜೆ ಬಸ್ಸಿಗೆ ಬರುತ್ತೇನೆ. ಈ ಸಲ ರಜ ಹಾಕಿದ್ದೇನೆ. ವಾಚನಾಲಯದ ಕಂಪ್ಯೂಟರಿನಲ್ಲಿ ಏನೇನಿದೆಯೋ ಎಲ್ಲವನ್ನೂ ಒಂದೊಂದಾಗಿ ತೆಗೆದು ನೋಡಿ, ಚೆಲುವಮ್ಮ ಹಾಡಿದ ಪದಗಳನ್ನು ಆರಿಸಿ ಪ್ರತಿ ಮಾಡಿಕೊಳ್ಳಬೇಕು. ಅಚ್ಚು ಹಾಕಿಸುವವರು ಒಬ್ಬರು ಸಿಕ್ಕಿದ್ದಾರೆ.

ಏನೇನಿದೆಯೋ ಎಲ್ಲವನ್ನೂ ಒಂದೊಂದಾಗಿ. ಆ ಸಾಲಿನ ಮೇಲೆ ಅವತ್ತು ಮುದ್ರೆಯ ಮಸಿ ಸ್ವಲ್ಪ ಹೆಚ್ಚೇ ಚೆಲ್ಲಿತ್ತು. ಯಾಕೆಂದರೆ ಆ ಎಲ್ಲದರಲ್ಲಿ ಒಂದು, ಶ್ರೀನಾಥ ಮೇಷ್ಟ್ರ ಮೇಲೆ ಶಿಕ್ಷಣ ಇಲಾಖೆಗೆ ಹೋದ ಮೂಗರ್ಜಿ. ಅದನ್ನು ಬರೆದವರು ಸಿದ್ದಬಸಪ್ಪನವರು.

ಬರೆಯುವಂಥದ್ದು ಏನಾಗಿತ್ತು ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ನಾಚಿಕೆಯಾಗುವಷ್ಟು ಸಣ್ಣದು. ಪಕ್ಕದ ಎಸ್ಟೇಟಿನ ಆಫೀಸಿಗೆ ಹೊಸ ಕಂಪ್ಯೂಟರು ಬಂದಾಗ ಯಜಮಾನರು ಹಳೆಯದನ್ನು, ಅದರ ಪ್ರಿಂಟರ್ ಸಮೇತ, ವಾಚನಾಲಯಕ್ಕೆ ಕೊಟ್ಟರು. ಉದ್ಘಾಟನೆಯ ದಿನ ಟೇಪು ಕತ್ತರಿಸುವ ಕತ್ತರಿಯ ತಟ್ಟೆ ಹಿಡಿದು ನಿಂತವರು ಕಾರ್ಯದರ್ಶಿಗಳು. ಗುಂಡಿ ಒತ್ತಿ ಅದಕ್ಕೆ ಜೀವ ಕೊಟ್ಟವನು ಮೂವತ್ತೈದು ತುಂಬದ ಶ್ರೀನಾಥ. ಅದಾದರೂ ಹೋಗಲಿ. ಎರಡು ದಿನ ಬಿಟ್ಟು ಎಲ್ಲರಿಗೂ ಕಲಿಸುತ್ತೇನೆಂದು ಕೂರಿಸಿಕೊಂಡವನು, ಸಿದ್ದಬಸಪ್ಪನವರು ಮೌಸನ್ನು ಬೆರಳ ತುದಿಯಲ್ಲಿ ಹಿಡಿದದ್ದು ನೋಡಿ, "ಅಣ್ಣಾ, ಹಲ್ಲಿ ಹಿಡ್ದಂಗೆ ಹಿಡ್ಕೋಬೇಡಿ, ಅದೇನು ಬಾಲ ಕಿತ್ಕೊಂಡು ಓಡೋಗಲ್ಲ" ಎಂದ. ಇಡೀ ವಾಚನಾಲಯ ನಕ್ಕಿತು. ಅವರೂ ನಕ್ಕರು. ನಗುತ್ತಲೇ ಇದ್ದಾಗ ಕಿವಿಯ ಹಿಂದೆ ಒಂದು ನರ ಬಿಸಿಯಾದದ್ದು, ಆ ಬಿಸಿ ಆರದೆ ಅಲ್ಲೇ ಉಳಿದುಕೊಂಡದ್ದು ಯಾರಿಗೂ ಕಾಣಲಿಲ್ಲ. ಆಮೇಲೆ ಶ್ರೀನಾಥ ಚೆಲುವಮ್ಮನನ್ನು ಕರೆತಂದು ಕೂರಿಸಿಕೊಂಡು, ಗದ್ದೆಯಲ್ಲಿ ನಾಟಿ ಹಾಕುವಾಗ ಅವಳು ಹಾಡುತ್ತಿದ್ದ ಅಮ್ಮನ ಪದವನ್ನು ಕನ್ನಡದಲ್ಲಿ ಒತ್ತತೊಡಗಿದ. ಊರಿನವರು ಬಾಗಿಲಲ್ಲಿ ನಿಂತು ನೋಡಿದರು. ವಾಚನಾಲಯ ಅಂದರೆ ಮೇಷ್ಟ್ರು ಎಂಬಂತಾಯಿತು. ಒಂದು ಮಧ್ಯಾಹ್ನ ಸಿದ್ದಬಸಪ್ಪನವರು ಒಳಗಿಂದ ಚಿಲಕ ಹಾಕಿಕೊಂಡು, ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕುತ್ತ, ಮೂರು ಗಂಟೆ ಹೊತ್ತು ಬೆವರಿ ಆ ಅರ್ಜಿ ಒತ್ತಿದರು. ಮೇಷ್ಟ್ರು ಗಂಟೆ ಹೊಡೆದ ಮೇಲೆ ಶಾಲೆಗೆ ಬರುತ್ತಾರೆ. ಇಸ್ಪೀಟು ಆಡುತ್ತಾರೆ. ಪಾಠದ ಹೊತ್ತಿನಲ್ಲಿ ಮುದುಕಿಯರ ಕೈಲಿ ಹಾಡಿಸುತ್ತ ಕೂರುತ್ತಾರೆ. ಎಲ್ಲದರಲ್ಲೂ ಒಂದೊಂದು ಚಿಟಿಕೆ ನಿಜವಿತ್ತು, ಹಾಗಾಗಿ ಬರೆಯುವಾಗ ಕೈ ನಡುಗಲಿಲ್ಲ. ಕೊನೆಗೆ 'ಇಂತಿ ನೊಂದ ಗ್ರಾಮಸ್ಥರು' ಎಂದು ಇಡೀ ಊರಿನ ರುಜು ತಾವೇ ಹಾಕಿದರು.

ಕೈಬರಹವಿಲ್ಲ, ಹೆಸರಿಲ್ಲ. ಉಳಿದದ್ದು ಅಂಚೆಯ ಮುದ್ರೆ. ತಮ್ಮ ಪೆಟ್ಟಿಗೆಗೆ ಹಾಕಿದರೆ ತಮ್ಮದೇ ಊರಿನ ಮುದ್ರೆ ಬೀಳುತ್ತದೆಂದು, ಆಲೂರಿನಲ್ಲಿ ಒಂದು ಮದುವೆಗೆ ಹೋದಾಗ ಅಲ್ಲಿಯ ಡಬ್ಬಕ್ಕೆ ಹಾಕಿ ಬಂದರು. ಅವತ್ತು ಊಟಕ್ಕೆ ಕೂತಾಗ ತಮ್ಮ ಜಾಣತನಕ್ಕೆ ತಾವೇ ಒಂದು ಹೋಳಿಗೆ ಹೆಚ್ಚು ಹಾಕಿಸಿಕೊಂಡಿದ್ದರು. ಎರಡೇ ತಿಂಗಳಲ್ಲಿ ಶ್ರೀನಾಥನಿಗೆ ವರ್ಗವಾಯಿತು. ಶನಿವಾರ ಸಂಜೆ ಬಂದು ಸೋಮವಾರ ಕೋಳಿ ಕೂಗುವಾಗ ಹೊರಡುವ ಬದುಕು. ಹೋಗುವ ಮುಂಚೆ ಅವನು ಬಂದು, "ಅಣ್ಣಾ, ಪದ ಅರ್ಧ ಆಗೈತೆ. ಉಳಿದಿದ್ದು ನೀವೇ ಒತ್ಬೇಕು, ಬೇರೆ ಯಾರಿಗೂ ಬರಲ್ಲ" ಎಂದ. ಆಗಲಿ ಎಂದರು. ಒತ್ತಿದರು ಕೂಡ, ಒಂದು ವರ್ಷ. ಪ್ರಾಯಶ್ಚಿತ್ತ ಎಂದುಕೊಂಡರು; ಪ್ರಾಯಶ್ಚಿತ್ತಕ್ಕೆ ಬೇಕಾದ ತಪ್ಪೊಪ್ಪಿಗೆ ಮಾತ್ರ ಆಮೇಲೆ ನೋಡೋಣ ಎಂದು ಬಿಟ್ಟುಕೊಂಡರು. ಒತ್ತುವಾಗೆಲ್ಲ ಒಂದೇ ಭಯ. ಅರ್ಜಿ ಒತ್ತಿ ಮುಗಿಸಿದ ದಿನ ಯಂತ್ರ ಇಂಗ್ಲಿಷಿನಲ್ಲಿ ಏನೋ ಕೇಳಿತ್ತು. ಕೇಳಿದವರಿಗೆ ಇಲ್ಲವೆನ್ನುವುದು ಮರ್ಯಾದೆಯಲ್ಲವೆಂದು ಹೌದು ಎಂದು ಒತ್ತಿಬಿಟ್ಟಿದ್ದರು. ಅದು ಅರ್ಜಿಯನ್ನು ಇಟ್ಟುಕೊಂಡುಬಿಟ್ಟಿತು. ಎಲ್ಲಿ ಇಟ್ಟುಕೊಂಡಿತು, ಯಾವ ಹೆಸರಿನಲ್ಲಿ, ಅವರಿಗೆ ಇವತ್ತಿಗೂ ಸಿಕ್ಕಿಲ್ಲ.

ಪುಣ್ಯಕ್ಕೆ, ಅಥವಾ ಪಾಪಕ್ಕೆ, ಕಾರ್ಡು ಬಂದ ವಾರವೇ ಯಂತ್ರಕ್ಕೆ ಕಾಯಿಲೆಯಾಯಿತು. ಗುಂಡಿ ಒತ್ತಿದರೆ ಎಚ್ಚರಾಗುವುದಕ್ಕೆ ಕಾಲು ಗಂಟೆ. ಸಕಲೇಶಪುರದ ಕಂಪ್ಯೂಟರ್ ರಿಪೇರಿಯ ಅಭಿಲಾಷ್ ಫೋನಿನಲ್ಲೇ ಲಕ್ಷಣ ಕೇಳಿ, ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕಾಗುತ್ತದೆ ಎಂದಿದ್ದ. ಪೂರ್ತಿ ಎಂಬ ಮಾತನ್ನು ಸಿದ್ದಬಸಪ್ಪನವರು ಎರಡು ಸಲ ಹೇಳಿಸಿಕೊಂಡಿದ್ದರು.

ವಾಚನಾಲಯದ ಬೀಗ ತೆಗೆಯುವಾಗ ಜಗಲಿಯ ಮೇಲೆ ಚೆಲುವಮ್ಮ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಎಪ್ಪತ್ತೈದರ ಮೇಲಿನ ಜೀವ. ಸೊಂಟ ಬಾಗಿದ್ದರೂ ಬಾಯಿ ನೆಟ್ಟಗಿತ್ತು.

"ಏನು ಪೋಸ್ಟಯ್ಯ, ಇವತ್ತು ಬೆಳಿಗ್ಗೇನೇ ಬೀಗ ತೆಗೀತಿದ್ದೀಯ. ಪೆಟ್ಟಿಗೆ ಏನಂತೈತೆ?"

"ಕಾಯಿಲೆ ಕಣವ್ವ ಅದಕ್ಕೆ. ಡಾಕ್ಟ್ರು ಬರ್ತಾವ್ನೆ."

"ಜ್ವಾಪಾನ ಕಣಪ್ಪ. ನನ್ನ ಅಮ್ಮ ಅದರೊಳಗವಳೆ." ಎಲೆ ಮಡಿಸಿ ದವಡೆಗಿಟ್ಟುಕೊಂಡಳು. "ಐವತ್ತು ವರ್ಸ ಹೊತ್ಕೊಂಡಿದ್ದೆ ತಲೇಲಿ. ಮಲಗೋವಾಗ ಒಂದ್ಸಲ, ಏಳೋವಾಗ ಒಂದ್ಸಲ ಅಂದ್ಕಳದು, ಎಲ್ಲಿ ಮರ್ತೋದಾತೋ ಅಂತ. ನಮ್ಮತ್ತೆ ಹಂಗೆ ಹೇಳಿದ್ಲು, ಮರ್ತ್ರೆ ಅಮ್ಮ ಊರು ಬುಟ್ಟೋಯ್ತಾಳೆ ಅಂತ. ನೀವಿಬ್ರೂ ಬರ್ಕೊಂಡ್ ಮೇಲೆ ಬುಟ್ಟೆ. ಈಗ ಮಲಗಿದ್ರೆ ಹೆಣದಂಗೆ ನಿದ್ದೆ ಬತ್ತೈತೆ ಕಣೋ."

"ಒಂದೂ ನೆನಪಿಲ್ವಾ?"

"ಯಾಕ್ ನೆಪ್ಪಿಟ್ಕಳ್ಳಿ. ಮನೆ ಸಾಮಾನೆಲ್ಲ ಗಾಡಿಗೆ ಹಾಕ್ದ ಮೇಲೆ ತಲೆ ಮೇಲೂ ಒಂದು ಗಂಟು ಹೊತ್ಕಂಡು ಹೋಗೋರುಂಟಾ?"

ಸಿದ್ದಬಸಪ್ಪನವರು ಒಳಗೆ ಹೋಗಿ ಕಿಟಕಿ ತೆರೆದರು. ಇದನ್ನು ಈಗ ಕೇಳಬೇಕಿರಲಿಲ್ಲ ಎನಿಸಿತು. ಗೊತ್ತಿಲ್ಲದೆ ಮಾಡಿದರೆ ಅದು ಬರೀ ನಷ್ಟ. ಗೊತ್ತಿದ್ದು ಮಾಡಿದರೆ ಅದಕ್ಕೆ ಬೇರೆ ಹೆಸರು. ಆ ಬೇರೆ ಹೆಸರು ನಾಲಗೆಗೆ ಬರುವುದರೊಳಗೆ ಹಾನುಬಾಳಿನ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು.

ಅಭಿಲಾಷ್ ಬಗಲಿಗೆ ಕರಿ ಚೀಲ ಹಾಕಿಕೊಂಡು ಬಂದ. ಮೂವತ್ತರ ಆಸುಪಾಸಿನ ಮನುಷ್ಯ, ಎದೆಯ ಜೇಬಿನಲ್ಲಿ ನಾಲ್ಕು ಸ್ಕ್ರೂಡ್ರೈವರು. ಹತ್ತು ನಿಮಿಷ ಅದನ್ನು ಇದನ್ನು ಒತ್ತಿ ನೋಡಿ, "ಒಳಗೆ ವೈರಸ್ಸು ಮಕ್ಕಳು ಮರಿ ಮಾಡ್ಕೊಂಡು ಸಂಸಾರ ಹೂಡಿದೆ ಸಾರ್. ಒಕ್ಕಲೆಬ್ಬಿಸ್ಬೇಕು" ಎಂದ.

"ಎಬ್ಬಿಸಿ."

"ಎಬ್ಬಿಸೋಣ. ಅದಕ್ಕೂ ಮುಂಚೆ ಬೇಕಾದ್ದೇನಾದ್ರೂ ಇದ್ರೆ ಫ್ಲಾಪಿಗೆ ತೆಕ್ಕೊಂಡ್ಬಿಡೋಣ. ಹತ್ತು ಫ್ಲಾಪಿ ತಂದಿದ್ದೀನಿ. ಒಂದೊಂದೇ ಫೈಲ್ ತೆಗೆದು ತೋರಿಸ್ತೀನಿ, ನೀವು ಬೇಕು ಬೇಡ ಹೇಳ್ತಾ ಹೋಗಿ. ಒಂದು ಗಂಟೆ ಸಾಕು."

ಒಂದೊಂದೇ. ಮತ್ತೆ ಅದೇ ಮಾತು. ಕಿವಿಯ ಹಿಂದಿನ ನರ ಬಿಸಿಯಾಯಿತು. ಅಭಿಲಾಷನ ಬೆರಳು ಒತ್ತುತ್ತ ಒತ್ತುತ್ತ ಅರ್ಜಿಯ ಮೇಲೆ ಬಂದು ನಿಲ್ಲುವುದು, ಅವನು ಮೊದಲ ಸಾಲನ್ನು ಗಟ್ಟಿಯಾಗಿ ಓದುವುದು, ಜಗಲಿಯ ಮೇಲೆ ಚೆಲುವಮ್ಮ ಕಿವಿ ನಿಮಿರಿಸುವುದು, ಹಾನುಬಾಳಿನ ಕಾಫಿ ಹೋಟೆಲಿನಲ್ಲಿ ಸಂಜೆಗೆಲ್ಲ ಅದೇ ಮಾತು. "ಬೇಡ" ಎಂದರು. ಸ್ವರ ತಮ್ಮದಲ್ಲವೆಂಬಂತೆ ತೆಳ್ಳಗೆ ಬಂತು. "ಏನೂ ಇಲ್ಲ ಅದರಲ್ಲಿ. ಮಕ್ಕಳು ಆಡಿದ ಆಟಗಳು."

"ಇಲ್ಲೇನೋ ಕನ್ನಡದಲ್ಲಿ ತುಂಬಾ ಇರೋ ಹಂಗಿದೆಯಲ್ಲ ಸಾರ್."

"ಹಳೇವು. ಹೊತ್ತಿಲ್ಲಪ್ಪ ಇವತ್ತು. ಹೊತ್ತು ಮುಳುಗ್ತಿದ್ದಂಗೆ ಸಾರು ಹಾಕ್ತಾರೆ. ಹಾಕಿದ ಮೇಲೆ ಒಂಬತ್ತು ದಿನ ಈ ಊರಲ್ಲಿ ಕಡಿಯೋದು, ಕೀಳೋದು, ಅಗೆಯೋದು ಯಾವುದೂ ಇಲ್ಲ. ಅಳಿಸೋದೂ ಅದರೊಳಗೇ ಬರುತ್ತೆ. ಅಮ್ಮನ ಕಟ್ಟಳೆ. ಅಷ್ಟರೊಳಗೆ ಮುಗೀಬೇಕು."

ಹೇಳಿ ಮುಗಿಸಿದ ಮೇಲೆ ಅವರಿಗೇ ಬೆರಗಾಯಿತು. ಎಷ್ಟು ಚೆನ್ನಾಗಿ ಹೊಂದಿಕೊಂಡಿತು. ಊರು ಹುಟ್ಟಿದಾಗಿನಿಂದ ಇದ್ದ ಕಟ್ಟಳೆಗೆ ಹೊಸದೊಂದು ಕಲಮು ಸೇರಿಸಿದವರು ತಾವು. ದೇವಿಗೇ ಗೊತ್ತಿಲ್ಲದ ಅವಳ ಆಜ್ಞೆ. ಒಂದು ಕ್ಷಣ ಅವರಿಗೆ ತಮ್ಮ ಭಕ್ತಿಯ ಬಗ್ಗೆ ಗೌರವವೇ ಹುಟ್ಟಿತು. ಅಭಿಲಾಷ್ ತಲೆಯಾಡಿಸಿದ. ಅವನ ತಾಯಿಯ ಊರಲ್ಲೂ ಸಾರು ಹಾಕುತ್ತಿದ್ದರಂತೆ. ಸಾರು ಹಾಕಿದ ಮೇಲೆ ಪಾಠ ಓದಬಾರದೆಂದು ಹೇಳಿ ಚಿಕ್ಕಂದಿನಲ್ಲಿ ತಾನು ಪುಸ್ತಕ ಮುಚ್ಚಿಡುತ್ತಿದ್ದೆ ಎಂದ. "ಅಮ್ಮ ಯಾರಿಗೆ ಬೇಕಾದ್ರೂ ಅನುಕೂಲ ಮಾಡ್ಕೊಡ್ತಾಳೆ ಸಾರ್" ಎಂದು ನಕ್ಕ. ಸಿದ್ದಬಸಪ್ಪನವರು ನಗಲಿಲ್ಲ.

ಸಿ.ಡಿ. ಹಾಕಿ, ಪರದೆ ಕಪ್ಪಾಗಿ, ಬಿಳಿಯ ಇಂಗ್ಲಿಷ್ ಸಾಲುಗಳು ಬಂದು ನಿಂತವು. ಅಭಿಲಾಷ್ ಎದ್ದು ಕುರ್ಚಿ ಬಿಟ್ಟುಕೊಟ್ಟ.

"ಬನ್ನಿ ಸಾರ್, ಕೂತ್ಕೊಳ್ಳಿ."

"ನಾನ್ಯಾಕೆ?"

"ಇದು ನನ್ನ ಪದ್ಧತಿ. ಅಳಿಸೋ ಗುಂಡಿ ನಾನು ಒತ್ತಲ್ಲ, ಯಜಮಾನ್ರ ಕೈಲೇ ಒತ್ತಿಸ್ತೀನಿ. ಒಂದ್ಸಲ ಒಬ್ರ ಮನೇಲಿ ಒತ್ತಿ, ಮದುವೆ ಫೋಟೋ ಎಲ್ಲ ಹೋಗಿ, ಗಂಡ ಹೆಂಡ್ತಿ ಇಬ್ರೂ ನನ್ನ ಮೇಲೆ ಬಂದ್ರು. ಈಗ ಕೇಳ್ತಾ ಐತೆ ನೋಡಿ. ಇದರೊಳಗೆ ಇರೋದೆಲ್ಲಾ ಹೋಗುತ್ತೆ, ಮುಂದುವರೀಲಾ ಅಂತ. ವೈ ಒತ್ತಿದ್ರೆ ಹೌದು. ಎನ್ ಒತ್ತಿದ್ರೆ ಇಲ್ಲ. ಇಲ್ಲ ಅಂದ್ರೂ ಬೇಜಾರಿಲ್ಲ ಸಾರ್, ನಾನು ಫ್ಲಾಪಿ ತೆಗೀತೀನಿ."

ಎರಡು ಅಕ್ಷರ. ಮೂವತ್ತೊಂದು ವರ್ಷ ಮುದ್ರೆ ಒತ್ತಿದ ಕೈ ಗಾಳಿಯಲ್ಲಿ ನಿಂತಿತು. ಮುದ್ರೆ ಒತ್ತುವಾಗ ಯಾವತ್ತೂ ಯಾರೂ ಅವರನ್ನು ಹೌದೋ ಅಲ್ಲವೋ ಎಂದು ಕೇಳಿರಲಿಲ್ಲ. ಸಾವಿನ ಕಾಗದವೋ ಲಗ್ನಪತ್ರಿಕೆಯೋ, ಬಂದದ್ದಕ್ಕೆ ಒತ್ತುವುದು. ಹೊರಗೆ ಚೆಲುವಮ್ಮ ಯಾರೊಂದಿಗೋ ಜೋರಾಗಿ, "ನಮ್ಮ ಪೆಟ್ಟಿಗೆಗೆ ಡಾಕ್ಟ್ರು ಬಂದವ್ರೆ" ಎನ್ನುತ್ತಿದ್ದಳು. ಹೋದ ಮಾಗಿಯಲ್ಲಿ ಅವಳು ಕಂಬಳಿ ಹೊದ್ದು ಇದೇ ಕೋಣೆಯಲ್ಲಿ ಕೂತು, ಅವರು ಅಕ್ಷರ ಹುಡುಕುವಷ್ಟು ಹೊತ್ತೂ ಒಂದೇ ಸಾಲನ್ನು ಹಿಡಿದುಕೊಂಡು ಕಾಯುತ್ತಿದ್ದಳು, ಕರು ಕೆಚ್ಚಲು ಹುಡುಕಿಕೊಳ್ಳಲೆಂದು ಹಸು ನಿಂತಿರುವ ಹಾಗೆ. 'ಸಿಕ್ತಾ ಮಗ? ಮುಂದಿನ್ದು ಹೇಳ್ಲಾ?' ಸಿದ್ದಬಸಪ್ಪನವರು ಮನಸ್ಸಿನಲ್ಲೇ ಶಿವಾ ಎಂದರು. ಶಿವ ಬೇಡವೆಂದೂ ಹೇಳಲಿಲ್ಲ, ಮಾಡೆಂದೂ ಹೇಳಲಿಲ್ಲ. ಹಾಗೆ ಸುಮ್ಮನಿದ್ದದ್ದನ್ನೇ ಅವರು ಅಪ್ಪಣೆ ಎಂದು ತೆಗೆದುಕೊಂಡರು. ಒತ್ತಿದರು.

ಅಂಕಿ ಏರತೊಡಗಿತು. ನೂರಕ್ಕೆ ಒಂದು, ನೂರಕ್ಕೆ ಎರಡು. ಏನೋ ಕುಸಿಯುತ್ತದೆ, ಸದ್ದಾಗುತ್ತದೆ, ಹೊಗೆಯಾದರೂ ಬರುತ್ತದೆ ಎಂದು ಅವರು ಕಾದಿದ್ದರು. ಒಳಗೆಲ್ಲೋ ಇಲಿ ಕೆರೆದಂತೆ ಸಣ್ಣ ಸದ್ದು, ಅಷ್ಟೇ. ಏಳಾದಾಗ, ಅರ್ಜಿ ಈಗ ಹೋಗಿರಬಹುದು ಎಂದುಕೊಂಡರು. ಹತ್ತೊಂಬತ್ತಾದಾಗ, ಪದ ಹೋಗುತ್ತಿರಬಹುದು. ಅರ್ಜಿ ಮೊದಲು ಹೋಗಿ ಪದ ಆಮೇಲೆ ಹೋಗುವುದಾದರೆ, ನಡುವೆ ಒಂದು ಗಳಿಗೆ ಯಂತ್ರದೊಳಗೆ ಬರೀ ಪದವಷ್ಟೇ ಶುದ್ಧವಾಗಿ ಉಳಿದಿರುತ್ತದಲ್ಲ, ಆಗ ಕರೆಂಟು ಹೋಗಬಾರದೇ ಎಂದು ಆಸೆಯಾಯಿತು. ಬೇಸಿಗೆಯಲ್ಲಿ ದಿನಕ್ಕೆ ಆರು ಸಲ ಹೋಗುವ ಕರೆಂಟು ಅವತ್ತು ಹೋಗಲಿಲ್ಲ. ನಲವತ್ತು. ಇಸ್ಪೀಟು ಆಡುತ್ತಾರೆ ಎಂದು ಬರೆದ ದಿನದ ಹಿಂದಿನ ಭಾನುವಾರ ಶ್ರೀನಾಥನ ಎದುರು ಕೂತು ಅವರೂ ಮೂರು ಆಟ ಆಡಿದ್ದರು; ಮೂರೂ ಸೋತಿದ್ದರು. ಅರವತ್ತು. ಪ್ರತಿ ಶನಿವಾರ ಅವನು ಬಸ್ಸಿಳಿದು ಮೊದಲು ಇಲ್ಲಿಗೇ ಬಂದು, "ಈ ವಾರ ಎಷ್ಟು ಒತ್ತಿದ್ರಿ ಅಣ್ಣ? ನಿಮ್ಮ ಋಣ ತೀರ್ಸಕ್ಕಾಗಲ್ಲ" ಎನ್ನುವಾಗ ಅವನ ಕಣ್ಣಿನಲ್ಲಿ ಏನೋ ಒಂದು ಇರುತ್ತಿತ್ತು. ಅದನ್ನು ಅವರು ಕೃತಜ್ಞತೆ ಎಂದು ಓದಿಕೊಂಡಿದ್ದರು. ತೊಂಬತ್ತು. ನೂರು ಮುಟ್ಟಿದಾಗ ಅವರಿಗೆ ಬಂದದ್ದು ದುಃಖವಲ್ಲ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಜ್ವರ ಬಿಟ್ಟ ಮೈಯಂತೆ ಹಗುರಾದರು. ಎದ್ದು ಹೋಗಿ ಅಭಿಲಾಷನಿಗೆ ಚಕ್ಕುಲಿ, ಕಾಫಿ ತಂದುಕೊಟ್ಟರು.

ಹೊಸದು ಬಂದು ಕೂರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಒಂದು ಕಡೆ ಯಂತ್ರ ನಿಂತುಕೊಂಡಿತು.

"ಹೆಸರು ಕೇಳ್ತಿದೆ ಸಾರ್. ಯಾರದು ಅಂತ ಹಾಕ್ಲಿ?"

"ಹೆಸರು ಹಾಕ್ಲೇಬೇಕಾ?"

"ಹಾಕ್ದಿದ್ರೆ ಮುಂದಕ್ಕೆ ಹೋಗಲ್ಲ."

ಸಿದ್ದಬಸಪ್ಪನವರು ಯೋಚಿಸಿದರು. "ಗ್ರಾಮಸ್ಥರು ಅಂತ ಹಾಕಿ" ಎಂದರು.

ಅಭಿಲಾಷ್ ಕನ್ನಡದ ಸಿ.ಡಿ.ಯನ್ನೂ ಹಾಕಿಕೊಟ್ಟು, ನಡುವೆ ಬೇರೆ ಬಸ್ಸಿಲ್ಲದ್ದರಿಂದ ಐದರ ಬಸ್ಸಿಗೆ ಹೊರಟ. ಅದೇ ಬಸ್ಸಿನಿಂದ ಶ್ರೀನಾಥ ಇಳಿದ. ಇಬ್ಬರೂ ಬಸ್ಸಿನ ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟದ್ದನ್ನು ಸಿದ್ದಬಸಪ್ಪನವರು ಕಿಟಕಿಯಿಂದ ನೋಡಿದರು. ಸಾರು ಕೇಳಲು ಗುಡಿಯ ಮುಂದೆ ಆಗಲೇ ಜನ ಸೇರುತ್ತಿದ್ದರು. ಪಾರ್ವತಮ್ಮನೂ ಬಂದು ಜಗಲಿಯಲ್ಲಿ ಚೆಲುವಮ್ಮನ ಪಕ್ಕ ಕೂತಿದ್ದಳು. ಶ್ರೀನಾಥ ಚೀಲ ಕೆಳಗಿಟ್ಟು, ಪರದೆಯ ಕಡೆ ನೋಡಿ, ನಿಂತಲ್ಲೇ ನಿಂತ. ಅದು ಗುಡಿಸಿದ ಅಂಗಳದ ಹಾಗೆ ಖಾಲಿಯಾಗಿತ್ತು.

"ವೈರಸ್ಸು ಕಣಪ್ಪ" ಎಂದರು ಸಿದ್ದಬಸಪ್ಪನವರು. ಈ ಮಾತನ್ನು ಮಧ್ಯಾಹ್ನದಿಂದ ಹನ್ನೆರಡು ಸಲ ಬಾಯೊಳಗೆ ಆಡಿ ನೋಡಿದ್ದರು. "ಎಲ್ಲಾ ತಿಂದ್ಬುಟ್ಟಿತ್ತು. ಅಳಿಸದೆ ವಿಧಿ ಇರ್ಲಿಲ್ಲ ಅಂದ ಅವನು. ಸಾರು ಬೇರೆ ಹಾಕ್ತಾರಲ್ಲ."

"ಬಾಗಿಲಲ್ಲಿ ಸಿಕ್ಕಿದ್ರು. ಫ್ಲಾಪಿ ತಂದಿದ್ರಂತೆ."

ಶ್ರೀನಾಥ ಕುರ್ಚಿ ಎಳೆದು ಕೂತ. ಮೌಸನ್ನು ಮೆಲ್ಲಗೆ ಅತ್ತ ಇತ್ತ ಆಡಿಸಿದ. ಒತ್ತುವುದಕ್ಕೆ ಏನೂ ಇರಲಿಲ್ಲ. ಹವೆಯ ವಿಷಯ ಕೇಳುವವನಂತೆ, "ಆ ಅರ್ಜಿಗೋಸ್ಕರಾನಾ ಅಣ್ಣ?" ಎಂದ.

ಜಗಲಿಯ ಮೇಲೆ ಮಾತು ನಿಂತಿತು.

"ಯಾವ ಅರ್ಜಿ?"

"ಇಲಾಖೆ ಸಾಹೇಬ್ರು ಮುಂದಿಟ್ಟು ತೋರಿಸಿದ್ರು, ಆವತ್ತೇ ಗೊತ್ತಾಯ್ತು. ಈ ಹೋಬಳೀಲಿ ಕನ್ನಡ ಅಚ್ಚಾಗೋ ಪೆಟ್ಟಿಗೆ ಇರೋದೇ ಇದೊಂದು. ಅದನ್ನ ಒತ್ತೋರು ಇಬ್ರು, ನೀವು, ನಾನು. ನಾನಂತೂ ನನ್ನ ಮೇಲೆ ಬರ್ಕೊಂಡಿರ್ಲಿಲ್ಲ."

ಸಿದ್ದಬಸಪ್ಪನವರ ಬಾಯಿಂದ, ಅವರ ಅಪ್ಪಣೆಯಿಲ್ಲದೆ, "ಅದು ಆಲೂರಿಂದ" ಎಂಬಷ್ಟು ಮಾತು ಹೊರಬಿತ್ತು.

"ಹೌದು, ಮುದ್ರೆ ನೋಡ್ದೆ. ಮದುವೆ ಊಟ ಚೆನ್ನಾಗಿತ್ತಾ?"

ಅವರು ಬಾಗಿಲ ಕಡೆ ತಿರುಗಿದರು. ಪಾರ್ವತಮ್ಮ ಸೆರಗಿನ ತುದಿಯನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದಳು. "ನಿಂಗೂ ಗೊತ್ತಿತ್ತಾ?" ಎಂದರು.

"ಊರಿಗೇ ಗೊತ್ತಿತ್ತು ಕಣ್ರೀ. ನಿಮಗೆ ಬೇಜಾರಾಗುತ್ತೆ ಅಂತ ಯಾರೂ ಅನ್ಲಿಲ್ಲ. ಮೇಷ್ಟ್ರೇ ಬೇಡ ಅಂದಿದ್ರು. ಪದ ಮುಗೀಲಿ, ಅಲ್ಲೀತನಕ ಯಾರೂ ಬಾಯಿ ಬಿಡಬೇಡಿ, ಅಣ್ಣ ಒತ್ತೋದು ನಿಲ್ಲಿಸ್ಬುಟ್ಟಾರು ಅಂತ."

ಒಂದೂವರೆ ವರ್ಷ. ಅಂಚೆ ಚೀಲ ಹೊತ್ತು ಅವರು ಬೀದಿಯಲ್ಲಿ ಹೋಗುವಾಗ ಜಗಲಿ ಜಗಲಿಯ ಮೇಲೆ ಕೈಮುಗಿದವರೆಲ್ಲ, ಕಾಗದ ಓದಿಸಿಕೊಂಡವರೆಲ್ಲ, ಬನ್ನಿ ಕೂತ್ಕೊಳ್ಳಿ ಎಂದವರೆಲ್ಲ. ಒಂದೊಂದೇ ಮುಖ ಎದುರು ಬಂದು, ಕಾಯಿಲೆಯವರನ್ನು ನೋಡಲು ಬಂದವರಂತೆ ಮೃದುವಾಗಿ ನಿಂತಿತು. ಅವರು ಕಾಪಾಡಿಕೊಂಡು ಬಂದಿದ್ದ ಗುಟ್ಟನ್ನು ಇಡೀ ಊರು ಅವರಿಂದ ಕಾಪಾಡಿತ್ತು. ಬೈದಿದ್ದರೆ ಒಂದು ದಿನದಲ್ಲಿ ಮುಗಿದುಹೋಗುತ್ತಿತ್ತು.

"ಹೋಗ್ಲಿ ಬಿಡಿ" ಎಂದ ಶ್ರೀನಾಥ. ಅವನ ಮಾತಿನಲ್ಲಿ ಸಿಟ್ಟನ್ನು ಹುಡುಕಿದರೂ ಸಿಗಲಿಲ್ಲ, ಸುಸ್ತಿತ್ತು. "ಅರ್ಜಿ ಎಲ್ಲೂ ಹೋಗಿಲ್ಲ. ಸಾಹೇಬ್ರು ನಂಗೊಂದು ಪ್ರತಿ ಕೊಟ್ಟವ್ರೆ, ಟ್ರಂಕಲ್ಲಿ ಐತೆ. ಪದದ್ದೇ ಒಂದೂ ಪ್ರತಿ ಇಲ್ಲ."

ಚೆಲುವಮ್ಮ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಬಂದಳು. ಅವಳಿಗೆ ಅರ್ಧ ಅರ್ಥವಾಗಿತ್ತು. ಪರದೆಯ ಹತ್ತಿರ ಮುಖ ಒಯ್ದು, ತೊಟ್ಟಿಲೊಳಗೆ ಇಣುಕುವವಳಂತೆ ನೋಡಿದಳು. "ಇಲ್ವಾ?" ಎಂದಳು.

"ಇನ್ನೊಂದ್ಸಲ ಹೇಳವ್ವ" ಎಂದ ಶ್ರೀನಾಥ. "ಎಷ್ಟು ಬತ್ತೈತೋ ಅಷ್ಟು. ಈಗ್ಲೇ. ಅಣ್ಣ, ನೀವೇ ಕೂತ್ಕೊಳ್ಳಿ ಇಲ್ಲಿ."

ಸಿದ್ದಬಸಪ್ಪನವರು ಕೂತರು. ಬೇಡವೆನ್ನುವುದಕ್ಕೆ ಅವರಲ್ಲಿ ಏನೂ ಉಳಿದಿರಲಿಲ್ಲ. ಬಿಳಿಯ ಹಾಳೆ ತೆರೆದುಕೊಂಡಿತು, ಅದರ ಮೂಲೆಯಲ್ಲಿ ಒಂದು ಸಣ್ಣ ಗೀಟು ಮಿಟುಕತೊಡಗಿತು. ಚೆಲುವಮ್ಮ ಕಣ್ಣು ಮುಚ್ಚಿದಳು. ಬಹಳ ಹೊತ್ತು ಅವಳ ತುಟಿಯಷ್ಟೇ ಅಲುಗಿತು. ಆಮೇಲೆ ಸ್ವರ ಬಂತು, ಒಣಗಿದ ಬಾವಿಗೆ ಬಿಟ್ಟ ಹಗ್ಗದ ಹಾಗೆ ತಡವರಿಸುತ್ತ:

ಏಳು ಜನ ಅಕ್ಕದೀರು ಘಟ್ಟವ ಹತ್ತ್ಯಾರೆ
ಹತ್ತೋ ಹಾದೀಲಿ ಕಿರಿಯೋಳು ಹಿಂದಾಗಿ ಉಳಿದಾಳೆ
ಹೊಳೆಯು ಅಡ್ಡಾಗಿ ನಿಂತಾಳೆ ನಮ್ಮಮ್ಮ
ಅಂಬಿಗರಣ್ಣನ್ನ ಕರೆದೇನೆಂದಾಳೆ

ಅಲ್ಲಿಗೆ ನಿಂತಿತು. ಅದೇ ಸಾಲನ್ನು ಮತ್ತೆ ಹಿಡಿದಳು, ಮತ್ತೆ ಅಲ್ಲೇ ನಿಂತಳು. ಕಣ್ಣು ತೆರೆದಳು. ಆ ಕಣ್ಣಿನಲ್ಲಿ ಹೆದರಿಕೆಯಿತ್ತು, ನಡುಹೊಳೆಯಲ್ಲಿ ಕಾಲಿಗೆ ನೆಲ ಸಿಗದವರದು. ಬಾಗಿಲ ತುಂಬ ಜನ ನಿಂತಿದ್ದರು.

"ಏನಂದ್ಲು?" ಎಂದಳು ಚೆಲುವಮ್ಮ. "ಹೊಳೆ ದಡದಾಗೆ ನಿಂತ್ಕಂಡು ನಮ್ಮಮ್ಮ ಏನಂದ್ಲು? ನಂಗೆ ತಪ್ಪೋಗ್ಬುಟ್ಟೈತೆ. ಇಲ್ಲಿಂದ ಮುಂದಿನ್ದೆಲ್ಲ ನೀನೇ ಬರ್ದೋನು ಪೋಸ್ಟಯ್ಯ. ಒಂದ್ ವರ್ಸ ಬರ್ದಿದ್ದೀಯ. ನೀ ಹೇಳು, ಒಂದ್ ಮಾತು ಎತ್ಕೊಡು, ಆಮ್ಯಾಕೆ ನಾ ಹಿಡ್ಕತೀನಿ."

ಸಿದ್ದಬಸಪ್ಪನವರು ಹುಡುಕಿದರು. ನಿಜವಾಗಿಯೂ ಹುಡುಕಿದರು, ಬೆಳಿಗ್ಗೆ ಅಂಗೈ ಮೇಲೆ ಶಿವನನ್ನು ಕೂಡ ಅವರು ಹಾಗೆ ಹುಡುಕಿರಲಿಲ್ಲ. ಇದೇ ಕುರ್ಚಿ, ಇದೇ ಎರಡು ಬೆರಳು, ಒಂದು ವರ್ಷದ ಮಧ್ಯಾಹ್ನಗಳು. ಒಂದೊಂದೇ ಅಕ್ಷರ ಅವರ ಬೆರಳ ಕೆಳಗಿನಿಂದ ಹಾದುಹೋಗಿತ್ತು, ಆಗ ಕಣ್ಣು ಪರದೆಯ ಮೂಲೆ ಮೂಲೆಯಲ್ಲಿ ಅರ್ಜಿಯನ್ನು ಅರಸುತ್ತಿತ್ತು. ಒಂದು ಮಾತು ಸಾಕು. ಅಮ್ಮ ದಡದಲ್ಲಿ ನಿಂತಿದ್ದಾಳೆ, ದೋಣಿ ಆಚೆಗಿದೆ, ಅವಳು ಬಾಯಿ ತೆರೆಯಬೇಕು. ಎಲ್ಲರೂ ಕಾಯುತ್ತಿದ್ದರು. ಆಗ ಒಳಗಿನಿಂದ ಸ್ಪಷ್ಟವಾಗಿ, ಒಂದಕ್ಷರವೂ ತಪ್ಪದೆ, ಒಂದು ಅಲ್ಪವಿರಾಮವೂ ಬಿಟ್ಟುಹೋಗದೆ ಸಾಲುಗಳು ಎದ್ದು ಬರತೊಡಗಿದವು, ಬಾಯಿಪಾಠದ ಹಾಗೆ, ಮೊದಲಿನಿಂದ ಕೊನೆಯ ತನಕ. ಸಿದ್ದಬಸಪ್ಪನವರು ತುಟಿ ಕಚ್ಚಿ ಹಿಡಿದರು. ಹಿಡಿದರೂ ಅದು ಒಳಗೆ ಓದಿಕೊಳ್ಳುತ್ತಲೇ ಹೋಯಿತು:

ಮಾನ್ಯರೇ, ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,